ಗೇಟಿನ ಮುಂದೆ ಕಲಿತ ಪಾಠ

ನಿವೃತ್ತನಾದ ಮೇಲೂ ಹಳೆಯ ಶಿಷ್ಯರು ಮನೆಗೆ ಬರುವುದನ್ನು ಬಿಟ್ಟಿಲ್ಲ. ದೇವದುರ್ಗ, ಮಾನ್ವಿಯ ಹಳ್ಳಿಗಳಿಂದ ರಾಯಚೂರಿಗೆ ಕಾಲೇಜು ಓದಲು ಬಂದವರು ಅವರು. ಈಚೆಗೆ ಬಂದಿದ್ದ ಮೂವರನ್ನು, ಕಾಲೇಜಿನಲ್ಲಿ ಮೊದಲು ಏನು ಕಲಿತಿರಿ ಎಂದು ಕೇಳಿದೆ. ಒಬ್ಬ ನಗುತ್ತ, “ಗೇಟ್ ದಾಟೋದು ಕಲ್ತೀವ್ರಿ ಸರ್” ಎಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಅವರು ಹೋದ ಮೇಲೆ ನಕ್ಕಿದ್ದಕ್ಕೆ ನಾಚಿಕೆಯಾಯಿತು.

ಗೇಟು ದಾಟುವುದಕ್ಕೂ ಒಂದು ಶಾಸ್ತ್ರವಿದೆ. ಅದು ಹಿರಿಯ ವಿದ್ಯಾರ್ಥಿಗಳಿಂದ ಕಿರಿಯರಿಗೆ ಬಾಯಿಂದ ಬಾಯಿಗೆ ಬರುತ್ತದೆ. ದಿನವೆಲ್ಲ ಜೇಬಿನಲ್ಲಿರುವ ಗುರುತಿನ ಚೀಟಿ ಗೇಟು ಕಾಣುತ್ತಲೇ ಕೊರಳಿಗೆ ಬರಬೇಕು. ವಾಚ್‌ಮನ್‌ಗೆ ‘ಕಾಕಾ’ ಎನ್ನಬೇಕು, ಊಟವಾಯಿತೇ ಎಂದು ವಿಚಾರಿಸಬೇಕು. ಸಿನಿಮಾಕ್ಕೆ ಹೊರಟರೂ ಝೆರಾಕ್ಸ್ ಅಂಗಡಿಗೆ ಎನ್ನಬೇಕು. ಗುಂಪಾಗಿ ಬರದೆ ಇಬ್ಬಿಬ್ಬರಾಗಿ ಒಳಸೇರಬೇಕು. ರಿಜಿಸ್ಟರಿನಲ್ಲಿ ಗಡಿಯಾರವನ್ನಲ್ಲ, ಮೇಲಿನ ಸಾಲನ್ನು ನೋಡಿ ವೇಳೆ ಬರೆಯಬೇಕು. ತೀರ ತಡವಾದರೆ ಬಿಸಿ ಮಿರ್ಚಿಯ ಪೊಟ್ಟಣವೊಂದು ಕೈಯಲ್ಲಿರಬೇಕು. ಅದೂ ಸಾಲದಿದ್ದರೆ ಹಿಂದಿನ ಗೋಡೆ ಇದ್ದೇ ಇದೆ.

ಇದನ್ನು ತುಂಟತನವೆಂದು ನಾನೂ ಬಹುಕಾಲ ನಂಬಿದ್ದೆ. ಒಂದು ಭಾನುವಾರ ಆ ನಂಬಿಕೆ ಮುರಿಯಿತು.

ದೇವದುರ್ಗ ತಾಲ್ಲೂಕಿನ ನನ್ನ ಶಿಷ್ಯೆಯೊಬ್ಬಳು ಊರಿನಿಂದ ಮರಳುವಾಗ ಗಬ್ಬೂರಿನ ಬಳಿ ಬಸ್ಸು ಕೆಟ್ಟು ನಿಂತಿತು. ಅವಳು ಹಾಸ್ಟೆಲ್ ಮುಟ್ಟುವಾಗ ಬಾಗಿಲು ಹಾಕಿ ಮುಕ್ಕಾಲು ಗಂಟೆಯಾಗಿತ್ತು. ಹುಡುಗಿ ಇದ್ದುದನ್ನು ಇದ್ದ ಹಾಗೆ ಹೇಳಿದಳು. ಕಾವಲುಗಾರ ತೆಗೆಯಲಿಲ್ಲ. ಮೇಲಿನವರಿಗೆ ನಾನು ಮಾಡಿದ ಫೋನನ್ನು ಯಾರೂ ಎತ್ತಲಿಲ್ಲ. ಆ ರಾತ್ರಿ ಅವಳು ನಮ್ಮ ಮನೆಯಲ್ಲಿ, ನನ್ನ ಹೆಂಡತಿಯ ಪಕ್ಕದಲ್ಲಿ ಮಲಗಿದಳು. ಮರುದಿನ ಅವಳ ಮನೆಗೆ ಕಾಗದ ಹೋಯಿತು: ರಾತ್ರಿ ಹೊರಗೆ ಕಳೆದಿದ್ದಾಳೆ. ತಂದೆ ಬಂದು ಟ್ರಂಕು ಹೊತ್ತುಕೊಂಡು ಹೋದರು. “ನಿಮ್ಮ ಮಾತು ನಂಬ್ತೀನ್ರಿ ಸರ್, ಊರ ಬಾಯಿ ಹೆಂಗ ಮುಚ್ಚಲಿ?” ಎಂದರು. ಅವಳ ಓದು ಅಲ್ಲಿಗೆ ನಿಂತಿತು.

ಅದೇ ಬಸ್ಸಿನಲ್ಲಿ ಬಂದಿದ್ದ ಇನ್ನೊಬ್ಬಳು ಹಿಂದಿನ ಗೋಡೆ ಹತ್ತಿ ಇಳಿದು ತನ್ನ ಕೋಣೆ ಸೇರಿದಳು. ಅವಳ ಮನೆಗೆ ಕಾಗದ ಹೋಗಲಿಲ್ಲ. ಅವಳಿಂದು ಪದವೀಧರೆ. ಸತ್ಯ ಹೇಳಿದವಳು ಓದು ಕಳೆದುಕೊಂಡಳು, ಗೋಡೆ ಹಾರಿದವಳು ಓದು ಉಳಿಸಿಕೊಂಡಳು. ಓದುಗರೇ, ಇದಕ್ಕಿಂತ ಸ್ಪಷ್ಟವಾಗಿ ಸುಳ್ಳಿನ ಪಾಠ ಹೇಳುವ ಗುರು ಎಲ್ಲಿದ್ದಾನೆ?

ಹೆಣ್ಣುಮಕ್ಕಳ ಸುರಕ್ಷತೆಗಾಗಿ ಈ ಕಟ್ಟುನಿಟ್ಟು ಎನ್ನುತ್ತಾರೆ. ಕತ್ತಲಾದ ಮೇಲೆ ಹುಡುಗಿಯನ್ನು ಬೀದಿಯಲ್ಲಿ ನಿಲ್ಲಿಸಿ ಬಾಗಿಲು ಹಾಕುವುದು ಯಾವ ಸುರಕ್ಷತೆ? ಬಾಗಿಲು ಇರುವುದು ಪರರನ್ನು ತಡೆಯಲು. ಮನೆಯ ಮಗಳನ್ನು ಹೊರಗಿಡಲು ಅಲ್ಲ. 2015ರಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗವು ಸುರಕ್ಷತೆಯ ಹೆಸರಿನಲ್ಲಿ ಹತ್ತಲಾಗದ ಗೋಡೆ, ಮುಳ್ಳುತಂತಿ, ಬಯೋಮೆಟ್ರಿಕ್ ಹಾಜರಿಯ ಸಲಹೆ ಕೊಟ್ಟಿತು. ಅದೇ ಆಯೋಗ ಲೈಂಗಿಕ ಕಿರುಕುಳ ತಡೆಗಾಗಿ ರೂಪಿಸಿ 2016ರ ಮೇ ತಿಂಗಳಲ್ಲಿ ಪ್ರಕಟಿಸಿದ ನಿಯಮಾವಳಿಯಲ್ಲಿ, ಸುರಕ್ಷತೆಯ ನೆಪವೊಡ್ಡಿ ಹಾಸ್ಟೆಲಿನ ವಿದ್ಯಾರ್ಥಿನಿಯರಿಗೆ ಹುಡುಗರಿಗಿಲ್ಲದ ತಾರತಮ್ಯದ ಕಟ್ಟಳೆ ಹಾಕಬಾರದೆಂದು ಹೇಳಿದೆ. ಗೋಡೆಯ ಮಾತು ಎಲ್ಲರಿಗೂ ನೆನಪಿದೆ. ಈ ಮಾತು ಎಷ್ಟು ಕಾಲೇಜುಗಳ ಸೂಚನಾಫಲಕದಲ್ಲಿದೆ?

2023ರ ಜೂನ್ 11ರಂದು ಶಕ್ತಿ ಯೋಜನೆ ಬಂದು, ಸರ್ಕಾರಿ ಬಸ್ಸಿನ ಬಾಗಿಲು ನಾಡಿನ ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ದುಡ್ಡಿಲ್ಲದೆ ತೆರೆಯಿತು. ಬಸ್ಸು ಹತ್ತಿಸಿದ ನಾವು, ಅದು ತಡವಾದರೆ ಇಳಿದವಳಿಗೆ ಹಾಸ್ಟೆಲಿನ ಬಾಗಿಲು ತೆರೆಯುವಷ್ಟು ವಿವೇಕ ತೋರಬೇಡವೇ?

ಕಾವಲುಗಾರನನ್ನು ನಾನು ದೂರುವುದಿಲ್ಲ. “ಬಾಗ್ಲಾ ತೆಗದ್ರ ನನ್ನ ನೌಕರಿ ಹೋಗತೈತ್ರಿ ಸರ್” ಎಂದು ಅವನು ಕೈಮುಗಿದಿದ್ದ. ಗುತ್ತಿಗೆಯ ಬಡವ. ಅಧ್ಯಾಪಕರೂ ವಾರ್ಡನ್ನರೂ ಮಾಡಬೇಕಾದ ವಿವೇಚನೆಯನ್ನು ಅವನ ಕೈಯ ಬೀಗಕ್ಕೆ ಒಪ್ಪಿಸಿದವರು ನಾವು. ನಾನೂ ನಿರ್ದೋಷಿಯಲ್ಲ. ಎಷ್ಟೋ ಮಕ್ಕಳ ರಜೆಚೀಟಿಗೆ ‘ದೊಡ್ಡಪ್ಪ’ ಎಂದು ಸಹಿ ಹಾಕಿದ್ದೇನೆ. ನಿಯಮವನ್ನು ಪ್ರಶ್ನಿಸುವುದಕ್ಕಿಂತ ಸುಳ್ಳು ಸಹಿ ಸುಲಭವಾಗಿ ಕಂಡಿತ್ತು.

ನಾನು ಕೇಳುವುದು ಹೆಚ್ಚೇನಲ್ಲ. ತಡವಾಗಿ ಬಂದವರನ್ನು ಮೊದಲು ಒಳಗೆ ಕರೆಯಿರಿ, ಆಮೇಲೆ ಕಾರಣ ಕೇಳಿ. ರಾತ್ರಿ ಫೋನು ಎತ್ತುವ ಒಬ್ಬ ಹೊಣೆಗಾರರನ್ನು ನೇಮಿಸಿ. ಹುಡುಗ ಹುಡುಗಿಯರಿಗೆ ಒಂದೇ ವೇಳೆ ಇಡಿ. ವಿದ್ಯಾರ್ಥಿಯನ್ನು ವಿಚಾರಿಸದೆ ಮನೆಗೆ ಕಾಗದ ಬರೆಯಬೇಡಿ. ನಿಜ ಹೇಳಿದರೂ ಬಾಗಿಲು ತೆರೆಯುತ್ತದೆ ಎಂದು ತಿಳಿದ ದಿನ ಮಕ್ಕಳು ಗೋಡೆ ಹಾರುವುದನ್ನು ತಾವೇ ಬಿಡುತ್ತಾರೆ.

ಆ ಹುಡುಗಿಯ ನೋಟ್‌ಬುಕ್ಕೊಂದು ನಮ್ಮ ಮನೆಯಲ್ಲಿ ಉಳಿದಿದೆ. ಅರ್ಧ ಮಾತ್ರ ಬರೆದಿದೆ. ಹಿಂದಿರುಗಿಸಲು ಇನ್ನೂ ನನಗೆ ಮುಖವಿಲ್ಲ.