ನೋವನ್ನು ಸಹಿಸುವುದು ಭಕ್ತಿಯೇ?

ಶ್ರೀನಗರ, ಹನುಮಂತನಗರದ ಆಸುಪಾಸಿನ ಮನೆಗಳಲ್ಲಿ ಸಂಧಿವಾತ, ಅರ್ಬುದರೋಗ, ಮೂತ್ರಪಿಂಡದ ವ್ಯಾಧಿಗಳಿಂದ ವರ್ಷಗಟ್ಟಲೆ ಬಳಲುವ ಹಿರಿಯರು ಇಲ್ಲದಿಲ್ಲ. ಇಂಥವರು ಆಸ್ಪತ್ರೆಯ ಹಾಸಿಗೆಯಲ್ಲಿ ನರಳುತ್ತಿರುವಾಗ, ನೋಡಲು ಬಂದ ಆಪ್ತರು ಎಲ್ಲವನ್ನೂ ಪ್ರಸಾದವೆಂದು ಸಹಿಸಿಕೊಳ್ಳಬೇಕೆಂದು ಹೇಳಿಹೋಗುವುದುಂಟು. ಮಾತು ದೊಡ್ಡದು, ಆದರೆ ಹೇಳುವವರ ಮೈಯಲ್ಲಿ ಆ ನೋವಿರುವುದಿಲ್ಲ. ಪ್ರಸಾದಭಾವವು ತನಗೆ ಒದಗಿದ್ದನ್ನು ತಾನು ಸ್ವೀಕರಿಸುವ ಬಗೆ. ತಣಿಸಬಹುದಾದ ಪರರ ವೇದನೆಯನ್ನು ತಣಿಸದೆ ಬಿಡುವುದಕ್ಕೆ ಅದನ್ನು ನೆಪ ಮಾಡಿಕೊಳ್ಳುವುದು ಸಲ್ಲದು.

ವೇದನೆಯನ್ನು ತಗ್ಗಿಸುವ ಸರಳ ಉಪಾಯವೊಂದು ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದೆ. ಒಬ್ಬರ ಮೆಲುದನಿಯ ಸೂಚನೆಯಂತೆ ಅಂಗಾಂಗಗಳನ್ನು ಒಂದೊಂದಾಗಿ ಸಡಿಲಿಸುವುದೇ ಆ ಕ್ರಮ. ಅಮೆರಿಕದ ವೈದ್ಯ ಎಡ್ಮಂಡ್ ಜೇಕಬ್‌ಸನ್ 1929ರಲ್ಲಿಯೇ ಸ್ನಾಯುಗಳ ಸಡಿಲಿಕೆಯನ್ನು ಕುರಿತು ಗ್ರಂಥ ಬರೆದರು. ಮೆಲ್ಜಾಕ್ ಮತ್ತು ವಾಲ್ ಎಂಬ ವಿಜ್ಞಾನಿಗಳು 1965ರಲ್ಲಿ, ನೋವಿನ ಸಂದೇಶವು ಬೆನ್ನುಹುರಿಯ ಬಾಗಿಲೊಂದನ್ನು ದಾಟಿ ಮಿದುಳನ್ನು ಸೇರುವುದೆಂದೂ, ಆ ಬಾಗಿಲನ್ನು ಕಿರಿದಾಗಿಸುವ ಶಕ್ತಿ ಮಿದುಳಿಗೂ ಉಂಟೆಂದೂ ಪ್ರತಿಪಾದಿಸಿದರು. ನೋವಿಗೆ ಮೈ ಬಿಗಿಯುತ್ತದೆ, ಬಿಗಿತದಿಂದ ನಿದ್ರೆ ಕೆಡುತ್ತದೆ, ನಿದ್ರೆಗೆಟ್ಟವನಿಗೆ ನೋವು ಇಮ್ಮಡಿಯಾಗುತ್ತದೆ. ಸಡಿಲಿಕೆಯು ಈ ಸುಳಿಯನ್ನು ನಡುವೆ ತುಂಡರಿಸುತ್ತದೆ. ಬೆಂಗಳೂರಿನ ಹೊರವಲಯದ ಜಿಗಣಿಯ ಬಳಿಯಿರುವ ಎಸ್-ವ್ಯಾಸ ಸಂಸ್ಥೆಯ ಸಂಶೋಧಕರು ಸ್ತನದ ಅರ್ಬುದಕ್ಕೆ ಚಿಕಿತ್ಸೆ ಪಡೆಯುತ್ತಿದ್ದ ಮಹಿಳೆಯರಿಗೆ ವಿಶ್ರಾಂತಿಕ್ರಮವನ್ನೊಳಗೊಂಡ ಯೋಗವನ್ನು ಕಲಿಸಿ, ಅದರ ಪರಿಣಾಮವನ್ನು ಅಧ್ಯಯನ ಮಾಡಿದ್ದಾರೆ.

ಇದರಿಂದ ರೋಗ ಗುಣವಾಗದು. ಔಷಧವನ್ನು ನಿಲ್ಲಿಸಿ ಇದನ್ನು ಹಿಡಿಯೆಂದು ಹೇಳುವವರನ್ನು ದೂರವಿಡುವುದೇ ಲೇಸು. ತೀವ್ರ ವೇದನೆಗೆ ಮಾರ್ಫಿನ್ ಬೇಕಾದಲ್ಲಿ ಅದು ಬೇಕೇ ಬೇಕು; ಅದು ರೋಗಿಗಳಿಗೆ ಸುಲಭವಾಗಿ ದೊರೆಯಲೆಂದೇ ಸಂಸತ್ತು 2014ರಲ್ಲಿ ಕಾಯ್ದೆಯನ್ನು ತಿದ್ದಿತು.

ಕೊರತೆ ಇರುವುದು ಬೇರೆಡೆ. ಕನ್ನಡವಲ್ಲದೆ ಬೇರೆ ನುಡಿಯರಿಯದ ಅಜ್ಜಿಯ ಕಿವಿಗೆ ಇಂಗ್ಲಿಷಿನ ಧ್ವನಿಮುದ್ರಣವನ್ನು ಹಚ್ಚಿದರೆ ಪ್ರಯೋಜನವೇನು? ಸೂಚನೆ ನೀಡುವ ದನಿ ಆಕೆಯ ಮನೆಯ ನುಡಿಯಲ್ಲಿರಬೇಕು. ದಾದಿಯರಿಗೆ ಬಿಡುವಿಲ್ಲದಿದ್ದರೆ ಮಗಳೋ ಸೊಸೆಯೋ ಅದನ್ನು ಕಲಿತುಕೊಳ್ಳಬಹುದು. ಹತ್ತು ಹದಿನೈದು ನಿಮಿಷದ ಕೆಲಸ. ನಿತ್ಯ ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ದೃಷ್ಟಿಯನ್ನು ನಿಲ್ಲಿಸುವ ರೂಢಿಯಿರುವವರಿಗೆ ಇದು ತೀರ ಹೊಸತೆನಿಸದು. ಕಾಲ್ಬೆರಳಿನಿಂದ ಆರಂಭಿಸಿ ಹಣೆಯವರೆಗೆ ಒಂದೊಂದೇ ಅಂಗವನ್ನು ಹೆಸರಿಸುತ್ತ ಸಡಿಲಬಿಡಲು ಹೇಳಬೇಕು, ಉಸಿರನ್ನು ನಿಧಾನವಾಗಿ ಹೊರಬಿಡಿಸಬೇಕು. ಉಬ್ಬಸವಿರುವವರ ಗಮನವನ್ನು ಉಸಿರಿನತ್ತ ಸೆಳೆಯದೆ ಅಂಗೈಯತ್ತ ತಿರುಗಿಸುವುದು ಒಳ್ಳೆಯದು. ಕಣ್ಣು ಮುಚ್ಚಲು ಭಯವಾದರೆ ತೆರೆದೇ ಇರಲಿ. ನಡುವೆ ನಿದ್ರೆ ಹತ್ತಿದರೆ ಎಬ್ಬಿಸಬೇಕಾಗಿಲ್ಲ.