ಯರಗೋಳ್ ಕಣಿವೆಗೆ ಕ್ಯಾಬಿನ್ ಬರಲಿ, ನೀರಂಚಿಗೆ ಬೇಡ

ಮಾರಿಕುಪ್ಪಂನಿಂದ ಬೆಳಗಿನ ಜಾವ ಬೆಂಗಳೂರಿಗೆ ಹೊರಡುವ ರೈಲಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. 2001ರ ಫೆಬ್ರವರಿ 28ಕ್ಕೆ ಚಿನ್ನದ ಗಣಿ ಮುಚ್ಚಿತು. ಆಮೇಲೆ ಕೆಜಿಎಫ್ ಜನ, ಬಂಗಾರಪೇಟೆ ಸುತ್ತಲಿನ ಹಳ್ಳಿಗಳ ಹುಡುಗರು ಕೂಲಿಗೆ, ಗಾರೆ ಕೆಲಸಕ್ಕೆ, ಸೆಕ್ಯೂರಿಟಿ ಕೆಲಸಕ್ಕೆ ಹೋಗುತ್ತಿರುವುದು ಇದೇ ಹಳಿ ಮೇಲೆ. ಭಾನುವಾರ ನೋಡಿ, ಎದುರು ದಿಕ್ಕಿನಿಂದ ಬೆಂಗಳೂರಿನವರು ನಮ್ಮ ಕಡೆಗೆ ಬರುತ್ತಾರೆ. ಅಂತರಗಂಗೆ ಬೆಟ್ಟಕ್ಕೆ ರಾತ್ರಿ ಚಾರಣ, ಕಮ್ಮಸಂದ್ರದ ಕೋಟಿಲಿಂಗೇಶ್ವರ, ಸಿನಿಮಾ ನೋಡಿದ ಮೇಲೆ ಸೈನೈಡ್ ಗುಡ್ಡ. ಈಗ ಯರಗೋಳ್ ಡ್ಯಾಂ ಕೂಡ ಸೇರಿದೆ.

ಬಂದವರು ರೀಲ್ಸ್ ಮಾಡಿಕೊಂಡು ಸಂಜೆಗೆ ವಾಪಸ್. ಅವರಿಂದ ನಮ್ಮ ಹಳ್ಳಿಗೆ ಉಳಿಯುವುದು ನೀರಿನ ಬಾಟಲಿ, ಚಿಪ್ಸ್ ಕವರು. ರಾತ್ರಿ ಉಳಿದರೆ ಮಾತ್ರ ಊಟಕ್ಕೆ, ಹಾಲಿಗೆ, ಆಟೋಗೆ, ದಾರಿ ತೋರಿಸುವವರಿಗೆ ದುಡ್ಡು ಬರುತ್ತದೆ. ಅದಕ್ಕೇ ಕ್ಯಾಬಿನ್ ಕ್ಯಾಂಪಿಂಗ್ ಅನ್ನುವುದನ್ನು ನಾನು ಬೇಡ ಅನ್ನುವುದಿಲ್ಲ. ಕ್ಯಾಬಿನ್ ಅಂದರೆ ದೊಡ್ಡದೇನಲ್ಲ. ಮರದ್ದೋ ಶೀಟಿನದ್ದೋ ಒಂದು ಕೋಣೆ, ಹಾಸಿಗೆ, ಬಚ್ಚಲು, ಮುಂದೆ ಬೆಂಕಿ ಕಾಯಿಸಲು ಜಾಗ. ಗಣಿ ಕಾರ್ಮಿಕರು ಕೆಜಿಎಫ್ ಲೈನ್‌ಗಳಲ್ಲಿ ಇಡೀ ಸಂಸಾರ ಸಾಗಿಸಿದ್ದೂ ಒಂದು ಕೋಣೆಯಲ್ಲೇ. ಅದೇ ಅಳತೆಯ ಕೋಣೆಗೆ ಈಗ ಒಂದು ರಾತ್ರಿಗೆ ಸಾವಿರಗಟ್ಟಲೆ ಕೊಡುವವರಿದ್ದಾರೆ.

ಪ್ರಶ್ನೆ ಇರುವುದು ಆ ಕೋಣೆ ಎಲ್ಲಿ ಏಳಬೇಕು, ಯಾರದ್ದಾಗಿರಬೇಕು ಅನ್ನುವುದರಲ್ಲಿ.

ಯರಗೋಳ್ ನೋಡದವರಿಗೆ ಹೇಳುತ್ತೇನೆ. ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆ ಕಡೆಯಿಂದ ಮಾರ್ಕಂಡೇಯ ನದಿ ಬೆಟ್ಟಗಳ ಸಂದಿಯಲ್ಲಿ ತಮಿಳುನಾಡಿನ ಕಡೆಗೆ ಇಳಿಯುತ್ತದೆ. ನದಿ ಅಂದರೂ ಮಳೆಗಾಲದ ನದಿ, ವರ್ಷಪೂರ್ತಿ ಹರಿಯುವ ಹೊಳೆ ಕೋಲಾರ ಜಿಲ್ಲೆಗೇ ಇಲ್ಲ. ಆ ಸಂದಿಗೆ ಅಡ್ಡಲಾಗಿ ಕಟ್ಟಿದ್ದೇ ಯರಗೋಳ್ ಅಣೆಕಟ್ಟು. ತಮಿಳುನಾಡು ತಕರಾರು ತೆಗೆದು ಸುಪ್ರೀಂ ಕೋರ್ಟಿಗೆ ಹೋಯಿತು. ಕೊನೆಗೆ 2023ರ ನವೆಂಬರ್ 11ಕ್ಕೆ ಮುಖ್ಯಮಂತ್ರಿ ಸಿದ್ದರಾಮಯ್ಯ ಉದ್ಘಾಟನೆ ಮಾಡಿದರು. ಹಿಡಿಯುವುದು ಅರ್ಧ ಟಿಎಂಸಿ ನೀರು. ಕೋಲಾರ, ಮಾಲೂರು, ಬಂಗಾರಪೇಟೆ ಪಟ್ಟಣಗಳಿಗೆ, ಜೊತೆಗೆ 45 ಹಳ್ಳಿಗಳಿಗೆ ಕುಡಿಯಲು ಅಂತ ಮಾಡಿದ ಯೋಜನೆ. ಉದ್ಘಾಟನೆಗೂ ಮೊದಲೇ ಮಳೆಗೆ ತುಂಬಿ ಕೋಡಿ ಬಿದ್ದಾಗ ಜನ ಮಕ್ಕಳು ಮರಿ ಕಟ್ಟಿಕೊಂಡು ನೋಡಲು ಹೋಗಿದ್ದರು. ಸಾವಿರ ಅಡಿ ಕೊರೆದರೂ ಫ್ಲೋರೈಡ್ ನೀರು ಕುಡಿದವರು ನಾವು. ಅಷ್ಟು ತಿಳಿನೀರು ಒಂದೇ ಕಡೆ ಕಂಡರೆ ಹೋಗದೆ ಇರುತ್ತೀವಾ?

ಜಿಲ್ಲೆಯ ಬೇರೆ ನೀರಿನ ಕತೆ ನಿಮಗೆ ಗೊತ್ತೇ ಇದೆ. ಕೆ.ಸಿ. ವ್ಯಾಲಿ ಯೋಜನೆಯಲ್ಲಿ 2018ರಿಂದ ಬೆಂಗಳೂರಿನ ಕೊಳಚೆಯನ್ನು ಎರಡು ಹಂತ ಶುದ್ಧ ಮಾಡಿ ನಮ್ಮ ಕೆರೆಗಳಿಗೆ ಬಿಡುತ್ತಿದ್ದಾರೆ. ಅಂತರ್ಜಲ ಏರಿತು, ಅದು ಸುಳ್ಳಲ್ಲ. ಮೂರನೇ ಹಂತದ ಶುದ್ಧೀಕರಣ ಆಗಲಿ ಅಂತ ನೀರಾವರಿ ಹೋರಾಟಗಾರರು ಕೂಗುತ್ತಲೇ ಇದ್ದಾರೆ, ಅದೂ ಸುಳ್ಳಲ್ಲ. ಯರಗೋಳಿನದ್ದು ಹಾಗಲ್ಲ, ಕುಡಿಯಲಿಕ್ಕೆಂದೇ ಹಿಡಿದಿಟ್ಟ ಮಳೆ ನೀರು. ಪೈಪಿನಲ್ಲಿ ಬಂದ ಬೆಂಗಳೂರಿನ ಕೊಳಚೆ ಸಾಲದು ಅಂತ ಕಾರಿನಲ್ಲಿ ಬಂದವರ ಕೊಳಚೆಯನ್ನೂ ಇದಕ್ಕೆ ಸೇರಿಸಬೇಕಾ?

ಲೆಕ್ಕ ಹಾಕೋಣ. ನೀರಂಚಿನಲ್ಲಿ 20 ಕ್ಯಾಬಿನ್, ತಲಾ ಇಬ್ಬರು, ಅಂದರೆ 40 ಜನ. ಪಟ್ಟಣದವರ ಬಳಕೆಗೆ ಸರಕಾರ ಲೆಕ್ಕ ಹಿಡಿಯುವುದು ಒಬ್ಬರಿಗೆ ದಿನಕ್ಕೆ 135 ಲೀಟರ್. ನಮ್ಮ ಹಳ್ಳಿಯ ನಲ್ಲಿಗೆ ಜಲಜೀವನ್ ಮಿಷನ್ ಹಾಕಿರುವ ಗುರಿ 55 ಲೀಟರ್. (ಈ ವ್ಯತ್ಯಾಸದ ಬಗ್ಗೆ ಇನ್ನೊಂದು ಲೇಖನವನ್ನೇ ಬರೆಯಬಹುದು, ಇರಲಿ.) 40 ಜನಕ್ಕೆ ದಿನಕ್ಕೆ 5,400 ಲೀಟರ್ ಒಳಗೆ ಬಂತು, ಹೆಚ್ಚುಕಡಿಮೆ ಅಷ್ಟೂ ಬಚ್ಚಲು, ಕಕ್ಕಸ್ಸಿನಿಂದ ಹೊರಗೆ ಹೋಗಬೇಕು. ಬೆಟ್ಟದ ಬುಡದಲ್ಲಿ ಮಣ್ಣು ತೆಳು, ಕೆಳಗೆ ಬಂಡೆ. ಇಂಗುಗುಂಡಿಗೆ ಬಿಟ್ಟ ಕೊಳಕು ಸೋಸಿಕೊಳ್ಳಲು ಮಣ್ಣೇ ಸಿಗದೆ ಬಂಡೆಯ ಬಿರುಕಿನಲ್ಲಿ ತಗ್ಗಿಗೆ ಇಳಿಯುತ್ತದೆ. ತಗ್ಗಿನಲ್ಲಿರುವುದು ಡ್ಯಾಂ.

ಇನ್ನು ಈಜುಕೊಳ. ಫೋಟೋ ಚೆನ್ನಾಗಿ ಬರಬೇಕಲ್ಲ! ಹತ್ತು ಮೀಟರ್ ಉದ್ದ, ಐದು ಮೀಟರ್ ಅಗಲ, ಒಂದೂಕಾಲು ಮೀಟರ್ ಆಳದ ಸಣ್ಣದೊಂದು ಕೊಳ ತುಂಬಲು 62,500 ಲೀಟರ್ ಬೇಕು. ಸಾವಿರ ಜನರ ಹಳ್ಳಿಯ ಒಂದು ದಿನದ ನಲ್ಲಿ ನೀರು 55,000 ಲೀಟರ್.

ಅವಸರ ಯಾಕೆ ಅಂತ ಕೇಳಬಹುದು. ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇಯಲ್ಲಿ ಹೊಸಕೋಟೆಯಿಂದ ಕೆಜಿಎಫ್ ಪಕ್ಕದ ಸುಂದರಪಾಳ್ಯದವರೆಗಿನ 71 ಕಿಲೋಮೀಟರ್ 2024ರ ಡಿಸೆಂಬರ್‌ನಲ್ಲೇ ಓಡಾಟಕ್ಕೆ ತೆರೆಯಿತು. ಇನ್ನೊಂದು ಕಡೆ, 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂ ತೆಗೆದ ಮೇಲೆ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು. ರಸ್ತೆ ಹತ್ತಿರವಾಯಿತು, ಕಾನೂನು ಸಡಿಲವಾಯಿತು. ಎರಡು ಎಕರೆ ಬೆದ್ದಲು ಇಟ್ಟುಕೊಂಡು ಮಗಳ ಮದುವೆಗೆ ಸಾಲ ಮಾಡಿದವರ ಮನೆ ಬಾಗಿಲಿಗೆ ಬ್ರೋಕರ್ ಬರಲು ಇನ್ನೇನು ಬೇಕು? ಮಾರಿದ ಮೇಲೆ ಅದೇ ಹೊಲದ ಗೇಟಿನಲ್ಲಿ ಅವರ ಮಗನೇ ವಾಚ್‌ಮನ್.

ಭೀಮೇಶ್ವರಿಯನ್ನು ನೋಡಿ. ಕಾವೇರಿ ದಂಡೆಯಲ್ಲಿ ಸರಕಾರದ ಜಂಗಲ್ ಲಾಡ್ಜಸ್‌ನವರು ಟೆಂಟು, ಮರದ ಗುಡಿಸಲು ಹಾಕಿ ಮಹಶೀರ್ ಮೀನಿಗೆ ಗಾಳ ಹಾಕುವ ಕ್ಯಾಂಪ್ ನಡೆಸಿದರು. ಅಲ್ಲಿ ನಡೆದ ಒಳ್ಳೆಯ ಕೆಲಸವೆಂದರೆ, ಮೊದಲು ಕದ್ದು ಮೀನು ಹಿಡಿಯುತ್ತಿದ್ದ ಸ್ಥಳೀಯರನ್ನೇ ಗೈಡ್, ಕಾವಲುಗಾರರನ್ನಾಗಿ ಮಾಡಿಕೊಂಡದ್ದು. ಹಿಡಿದ ಮೀನನ್ನು ತೂಗಿ, ಫೋಟೋ ತೆಗೆದು ಮತ್ತೆ ಹೊಳೆಗೇ ಬಿಡುತ್ತಿದ್ದರು. ಮೀನೂ ಉಳಿಯಿತು, ಸಂಬಳವೂ ಬಂತು. ಆದರೆ ಅದು ವನ್ಯಜೀವಿ ಧಾಮ. ಕಾನೂನಿನ ಪ್ರಶ್ನೆ ಎದ್ದು ಗಾಳದ ಆಟ ನಿಂತಾಗ ಅದನ್ನೇ ನಂಬಿದ್ದ ಗೈಡ್‌ಗಳ ಕೆಲಸಕ್ಕೆ ಏಟು ಬಿತ್ತು. ಕ್ಯಾಂಪ್ ಮಾತ್ರ ಈಗಲೂ ಇದೆ, ಬೇರೆ ಆಟಗಳೊಂದಿಗೆ. ತಪ್ಪು ಯಾರದೋ ಅನ್ನುವುದಕ್ಕೆ ಈ ಮಾತು ಎತ್ತಿದ್ದಲ್ಲ. ಜಾಗ ಇಲಾಖೆಯದು, ಕ್ಯಾಂಪ್ ಕಂಪನಿಯದು, ನಮ್ಮದು ಬರೀ ದುಡಿಮೆ ಅಂತಾದರೆ ಒಂದು ಆದೇಶಕ್ಕೆ ಬದುಕು ಅಲ್ಲಾಡುತ್ತದೆ.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟು: ಕ್ಯಾಬಿನ್ ಊರೊಳಗೆ ಬರಲಿ. ಹಿತ್ತಲಲ್ಲಿ, ಹೊಲದ ಮನೆಯ ಪಕ್ಕದಲ್ಲಿ, ಪಹಣಿ ಯಾರ ಹೆಸರಿನಲ್ಲಿದೆಯೋ ಅವರೇ ಕಟ್ಟಿಕೊಂಡ ಒಂದೋ ಎರಡೋ ಕೋಣೆ. ಮನೆಯವರು ಅಲ್ಲೇ ವಾಸವಿದ್ದರೆ ಪ್ರವಾಸೋದ್ಯಮ ಇಲಾಖೆಯಲ್ಲಿ ಹೋಂಸ್ಟೇ ಅಂತ ನೋಂದಾಯಿಸಲು ದಾರಿ ಇದೆ. ಅತಿಥಿಗಳು ಬೆಳಿಗ್ಗೆ ನಡೆದು ಹೋಗಿ ಡ್ಯಾಂ ನೋಡಿ ಬರಲಿ, ಬೂದಿಕೋಟೆಯಲ್ಲಿ ಹೈದರಾಲಿ ಹುಟ್ಟಿದ ಜಾಗ ನೋಡಲಿ, ಬಂಗಾರಪೇಟೆಗೆ ಬಂದು ರೈಲು ಹತ್ತಿ ಕೊನೆಯ ಸ್ಟೇಷನ್ ಮಾರಿಕುಪ್ಪಂವರೆಗೆ ಹೋಗಿ ಗಣಿ ಊರನ್ನೂ ಕಾಣಲಿ. 1894ರ ಹಳಿ ಅದು. ರಾತ್ರಿಗೆ ಮುದ್ದೆ, ಬಸ್ಸಾರು. ಸ್ತ್ರೀಶಕ್ತಿ ಸಂಘದವರು ಅಡುಗೆ ವಹಿಸಿಕೊಂಡರೆ ಊರಲ್ಲೇ ದುಡ್ಡು ತಿರುಗುತ್ತದೆ.

ಇಷ್ಟರಿಂದ ಎಲ್ಲರಿಗೂ ಕೆಲಸ ಸಿಗುತ್ತದೆ ಅಂತ ನಾನು ಬೊಗಳೆ ಬಿಡುವುದಿಲ್ಲ. ಮಾರಿಕುಪ್ಪಂ ರೈಲು ನಾಳೆಯೂ ತುಂಬಿಯೇ ಹೋಗುತ್ತದೆ. ಹತ್ತಿಪ್ಪತ್ತು ಮನೆಗೆ ರಾಗಿಯ ಜೊತೆಗೆ ಇನ್ನೊಂದು ಆದಾಯ, ಅಷ್ಟೇ. ನೀರಂಚಿನ ರೆಸಾರ್ಟ್ ಇದಕ್ಕಿಂತ ಹೆಚ್ಚು ಜನಕ್ಕೆ ಸಂಬಳ ಕೊಡಬಹುದು ಅನ್ನುವವರ ವಾದವೂ ಸುಮ್ಮನೆ ತಳ್ಳಿಹಾಕುವಂಥದ್ದಲ್ಲ. ಆದರೆ ಮೂರು ಪಟ್ಟಣದ ಕುಡಿಯುವ ನೀರಿನ ಪಕ್ಕ ಕೂತು ಕೊಡುವ ಸಂಬಳ ನಮಗೆ ದುಬಾರಿ.

ಇನ್ನೊಂದು, ಆನೆ. ಕಾಮಸಮುದ್ರ, ಬೂದಿಕೋಟೆ ಕಡೆಯವರಿಗೆ ಹೇಳಬೇಕಾಗಿಲ್ಲ, ಗಡಿಯಾಚೆಯ ಕಾಡಿನಿಂದ ಬಂದ ಹಿಂಡು ತುಳಿದ ಹೊಲ, ಹೋದ ಪ್ರಾಣ ಎರಡನ್ನೂ ಕಂಡವರು. ಕಾಡಂಚಿನಲ್ಲಿ ಒಬ್ಬರು ಬೇಲಿ ಹಾಕಿ, ಲೈಟ್ ಉರಿಸಿ, ರಾತ್ರಿಯೆಲ್ಲ ಸ್ಪೀಕರ್ ಹಾಕಿದರೆ ಆನೆ ದಾರಿ ಬದಲಿಸುತ್ತದೆ. ಬದಲಿಸಿದ ದಾರಿ ಪಕ್ಕದವನ ರಾಗಿ ಹೊಲದ ಮೇಲೆ.

ಮುಂದಿನ ಗ್ರಾಮಸಭೆಯಲ್ಲಿ ಚರಂಡಿ, ಬೀದಿ ದೀಪದ ಜೊತೆ ಇದನ್ನೂ ಕೇಳಿ. ಡ್ಯಾಂ ಸುತ್ತ ಎಷ್ಟು ದೂರದವರೆಗೆ ಭೂಪರಿವರ್ತನೆ ಕೊಡಬಾರದು ಅಂತ ಪಂಚಾಯಿತಿ ನಿರ್ಣಯ ಮಾಡಿ ಜಿಲ್ಲಾಧಿಕಾರಿಗೆ ಕಳಿಸುತ್ತದಾ? ಇಲ್ಲಿಯವರೆಗೆ ಯಾರಾದರೂ ಅರ್ಜಿ ಹಾಕಿದ್ದಾರಾ, ಯಾವ ಸರ್ವೆ ನಂಬರಿಗೆ? ಪಿಡಿಒ ಬಾಯಿಮಾತಲ್ಲಿ ಉತ್ತರ ಕೊಟ್ಟರೆ ನಡಾವಳಿ ಪುಸ್ತಕದಲ್ಲಿ ಬರೆಸಿ, ಆ ಪುಟದ ಫೋಟೋ ತೆಗೆದಿಟ್ಟುಕೊಳ್ಳಿ.