ಚೀಲ ಕಾಯುವುದು ಸಾಕು, ನೀವೂ ಗುಡ್ಡ ಹತ್ತಿ

'ಈ ಭಾನುವಾರ ಎಲ್ಲಾರೂ ಕೂಡಿ ಗುಡ್ಡಕ್ಕೆ ಹೋಗೋಣು' ಎಂದು ಮನೆಯವರು ಹೇಳಿದ ಕೂಡಲೇ ನಿಮ್ಮ ತಲೆಯಲ್ಲಿ ಮೊದಲು ಓಡುವುದು ಏನು? ಎಷ್ಟು ರೊಟ್ಟಿ ಬಡಿಯಬೇಕು, ಯಾವ ಪಲ್ಯ ಕೆಡುವುದಿಲ್ಲ, ಅತ್ತೆಯವರ ಗುಳಿಗೆ ಎಲ್ಲಿಟ್ಟಿದ್ದೇನೆ. ಅಲ್ಲವೇ? ನಸುಕಿನ 4 ಗಂಟೆಗೆ ಎದ್ದು ಬುತ್ತಿ ಕಟ್ಟುವುದು ನೀವು. ಗುಡ್ಡದ ಬುಡಕ್ಕೆ ಮುಟ್ಟಿದ ಮೇಲೆ 'ನೀ ಇಲ್ಲೇ ಚೀಲ ನೋಡ್ಕೋತ ಕೂಡು, ನಾವು ಹತ್ತಿ ಬರ್ತೀವಿ' ಎಂಬ ಮಾತು ಕೇಳುವುದೂ ನೀವೇ. ಸಂಜೆ ಎಲ್ಲರೂ ದಣಿದು ಮಲಗಿದಾಗ ಡಬ್ಬಿ ತೊಳೆಯುವುದು, ಕೆಸರಾದ ಬಟ್ಟೆ ನೆನೆಹಾಕುವುದು ಮತ್ತೆ ನಿಮ್ಮ ಪಾಲಿಗೆ. ಹಾಗಾದರೆ ಸೂಟಿ ಸಿಕ್ಕದ್ದು ಯಾರಿಗೆ?

ನಮ್ಮ ಸೀಮೆಯ ಹೆಣ್ಣುಮಕ್ಕಳಿಗೆ ನಡೆಯಲು ಬರುವುದಿಲ್ಲ ಎಂದೇನಲ್ಲ. ಪಂಢರಪುರದ ವಾರಿಗೆ, ಯುಗಾದಿ ಹೊತ್ತಿಗೆ ಶ್ರೀಶೈಲಕ್ಕೆ ದಿನಗಟ್ಟಲೆ ನಡೆಯುವವರಲ್ಲಿ ಎಷ್ಟು ಮಂದಿ ಅಜ್ಜಿಯರಿದ್ದಾರೆ ನೋಡಿ. ಎಳ್ಳ ಅಮಾವಾಸ್ಯೆಗೆ ಮನೆಮಂದಿ, ನೆರೆಹೊರೆ ಎಲ್ಲ ಕೂಡಿ ಹೊಲಕ್ಕೆ ಹೋಗಿ, ಚರಗ ಚೆಲ್ಲಿ, ಮರದ ನೆರಳಲ್ಲಿ ಉಣ್ಣುವುದು ನಮಗೆ ಹೊಸದೇ? ಹೆಸರು ಟ್ರೆಕ್ಕಿಂಗ್ ಆಯಿತು, ಅಷ್ಟೇ. ಹೆಸರು ಬದಲಾದ ಮಾತ್ರಕ್ಕೆ ನಾವು ಕೆಳಗೆ ಕೂಡಬೇಕೇಕೆ?

ಸತ್ತಿ, ಅಥಣಿ, ಕಾಗವಾಡ ಕಡೆ ಕಣ್ಣು ಹಾಯಿಸಿದಷ್ಟೂ ಬಯಲು, ಕಬ್ಬು. ಆದರೆ ಒಂದು ದಿನದಲ್ಲಿ ಹೋಗಿ ಬರುವ ಜಾಗಗಳಿಗೆ ಬರವಿಲ್ಲ. ಗೋಕಾಕದಲ್ಲಿ ಘಟಪ್ರಭೆ ಸುಮಾರು 52 ಮೀಟರ್ ಎತ್ತರದಿಂದ ಧುಮುಕುತ್ತಾಳೆ. ಅದೇ ತಾಲ್ಲೂಕಿನ ಗೊಡಚಿನಮಲ್ಕಿಯಲ್ಲಿ ಮಾರ್ಕಂಡೇಯ ನದಿ ಎರಡು ಹಂತದಲ್ಲಿ ಬೀಳುತ್ತದೆ. ನಿಪ್ಪಾಣಿ ದಾಟಿ ಕೊಲ್ಹಾಪುರದ ಆಚೆ 20 ಕಿ.ಮೀ. ಹೋದರೆ ಪನ್ಹಾಳಗಡ. 1660ರಲ್ಲಿ ಶಿವಾಜಿ ಮಳೆಯ ರಾತ್ರಿಯಲ್ಲಿ ಮುತ್ತಿಗೆ ತಪ್ಪಿಸಿಕೊಂಡು ವಿಶಾಲಗಡಕ್ಕೆ ಹೊರಟದ್ದು ಇಲ್ಲಿಂದಲೇ. 2025ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೂ ಈ ಕೋಟೆ ಸೇರಿತು. ಗಾಡಿ ಮೇಲಿನವರೆಗೆ ಹೋಗುವುದರಿಂದ ಹಿರಿಯರನ್ನೂ ಕರೆದೊಯ್ಯಬಹುದು. ಅವರು ನೆರಳಲ್ಲಿ ಕೂತರೆ ನೀವು ಕೋಟೆ ಗೋಡೆಗುಂಟ ಸುತ್ತಾಡಬಹುದು.

ಹೊರಡುವ ಮೊದಲು, ಶನಿವಾರ ಸಂಜೆಯೇ ಕೆಲಸ ಹಂಚಿರಿ. ಎರಡು ಮೂರು ಮನೆಯವರು ಕೂಡಿ ಹೋಗುವಾಗ ಒಂದು ಮನೆಯವರು ಕಟಕ ರೊಟ್ಟಿ, ಶೇಂಗಾ ಚಟ್ನಿ ತರಲಿ, ಇನ್ನೊಬ್ಬರು ಮೊಸರನ್ನ, ಮತ್ತೊಬ್ಬರು ಹಣ್ಣು. ಬಿಸಿಬಿಸಿ ಅಡುಗೆಯೇ ಬೇಕೆನ್ನುವವರು ಒಂದು ದಿನ ಸುಮ್ಮನಿರಲಿ. ನೀರಿನ ಕ್ಯಾನು, ಹಾಸುವ ಜಮಖಾನ ಗಂಡಸರ ಜವಾಬ್ದಾರಿ. ಮಕ್ಕಳ ಚೀಲ ಮಕ್ಕಳ ಬೆನ್ನಿಗೇ ಇರಲಿ. ಉಂಡ ಡಬ್ಬಿ ಮನೆಗೆ ಬಂದ ಮೇಲೆ ಯಾರು ತೊಳೆಯಬೇಕು ಎಂಬುದೂ ಅವತ್ತೇ ತೀರ್ಮಾನವಾಗಲಿ. ಇದನ್ನು ಜಗಳ ಮಾಡಿ ಕೇಳಬೇಕಿಲ್ಲ. 'ನಾನೂ ಮ್ಯಾಲೆ ಬರಾಕಿ ಅದೀನಿ' ಎಂದು ನಕ್ಕೋತ ಹೇಳಿದರೆ ಸಾಕು.

ಎಲ್ಲಕ್ಕಿಂತ ಮುಖ್ಯವಾದ ಹಂಚಿಕೆ ಮಕ್ಕಳ ಕಾವಲು. 2022ರ ನವೆಂಬರ್‌ನಲ್ಲಿ ಬೆಳಗಾವಿಯಿಂದ ಗಡಿಯಾಚೆಯ ಕಿಟವಾಡ ಜಲಪಾತಕ್ಕೆ ಪ್ರವಾಸ ಹೋಗಿದ್ದ ಹುಡುಗಿಯರಲ್ಲಿ ನಾಲ್ವರು ನೀರುಪಾಲಾದರು. ನೆನೆದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. 'ಅವ್ವ ನೋಡ್ಕೋತಾಳ' ಎಂದು ಎಲ್ಲರೂ, 'ಅವರಪ್ಪ ಅಲ್ಲೇ ಇದಾರ' ಎಂದು ಅವ್ವನೂ ತಿಳಿದುಕೊಂಡರೆ ಮಗುವನ್ನು ನೋಡುವವರು ಯಾರೂ ಇರುವುದಿಲ್ಲ. ಆದ್ದರಿಂದ ನೀರಿನ ಹತ್ತಿರ ಅರ್ಧ ಗಂಟೆಗೊಬ್ಬ ದೊಡ್ಡವರ ಪಾಳಿ ಹಚ್ಚಿರಿ. ಪಾಳಿಯಲ್ಲಿದ್ದವರ ಕೈಯಲ್ಲಿ ಮೊಬೈಲ್ ಬೇಡ. ಪಾಚಿಗಟ್ಟಿದ ಬಂಡೆಯ ಅಂಚಿಗೆ ಫೋಟೊಕ್ಕೆಂದು ಯಾರೂ ಹೋಗಬಾರದು, ದೊಡ್ಡವರೂ ಸಹ.

ಇನ್ನಷ್ಟು ಸಣ್ಣ ಮಾತುಗಳು:

* ಅಥಣಿಯ ಚಪ್ಪಲಿ ಹೆಸರುವಾಸಿ ಖರೆ, ಆದರೆ ತೊಯ್ದ ಕಲ್ಲಿನ ಮೇಲೆ ಜಾರುತ್ತದೆ. ಹಿಡಿತವಿರುವ ಬೂಟು ನಿಮಗೂ ಒಂದು ಜೊತೆ ಇರಲಿ. ಚೂಡಿದಾರ ತೊಟ್ಟರೆ ಹತ್ತಲು ಸಲೀಸು.

* ಶೌಚಾಲಯ ಸಿಗಲಿಕ್ಕಿಲ್ಲ ಎಂದು ನೀರು ಕುಡಿಯದೇ ಇರಬೇಡಿ. ಬಿಸಿಲಲ್ಲಿ ತಲೆ ತಿರುಗುತ್ತದೆ, ಉರಿಮೂತ್ರವೂ ಕಾಡುತ್ತದೆ. ದಾರಿಯ ಪೆಟ್ರೋಲ್ ಪಂಪ್, ಹೋಟೆಲಿನಲ್ಲಿ ಗಾಡಿ ನಿಲ್ಲಿಸಲು ಸಂಕೋಚಪಡದೆ ಹೇಳಿ.

* ಟೆಂಟಿನಲ್ಲಿ ರಾತ್ರಿ ಕಳೆಯುವ ಆಸೆಯಿದ್ದರೆ ಮೊದಲ ಸಲ ಪರಿಚಯದವರ ತೋಟವೇ ಚೆಂದ. ಕಬ್ಬಿನ ರವದಿಯ ಹತ್ತಿರ ಬೆಂಕಿ ಹಚ್ಚಬೇಡಿ, ಟಾರ್ಚ್ ಇಲ್ಲದೆ ಹೊರಗೆ ಕಾಲಿಡಬೇಡಿ. ಖಾನಾಪುರ ಕಡೆಯ ಭೀಮಗಡ 2011ರಿಂದ ವನ್ಯಜೀವಿ ಧಾಮ. ಕಂಡಲ್ಲಿ ಟೆಂಟ್ ಹೊಡೆಯುವಂತಿಲ್ಲ, ಅರಣ್ಯ ಇಲಾಖೆಯ ಅನುಮತಿ ಬೇಕು.

* ಒಯ್ದ ಪ್ಲಾಸ್ಟಿಕ್ ತಿರುಗಿ ಮನೆಗೆ ಬರಲಿ.

ಮೊದಲ ದಿನ ತುದಿ ಮುಟ್ಟದಿದ್ದರೂ ಚಿಂತೆಯಿಲ್ಲ. ಅರ್ಧ ಹತ್ತಿ ಕೂತು ಗಾಳಿ ಕುಡಿದರೂ ಸೈ. ತಾಯಿಯೂ ಏದುಸಿರು ಬಿಡುತ್ತ, ನಗುತ್ತ ಮೇಲೆ ಬರುವುದನ್ನು ಮಕ್ಕಳು ನೋಡಲಿ. ದೊಡ್ಡವರಾದ ಮೇಲೆ ತಮ್ಮ ಮನೆಯ ಹೆಣ್ಣುಮಕ್ಕಳಿಗೆ 'ಚೀಲ ನೋಡ್ಕೋತ ಕೂಡು' ಎನ್ನಲು ಅವರಿಗೆ ಬಾಯಿ ಬರುವುದಿಲ್ಲ. ಏನಂತೀರಿ, ಈ ಭಾನುವಾರ ಹೊರಡೋಣವೇ?